ಮಗಳಿಗೆ ನಾನು ಬರೆದುಕೊಟ್ಟ ಮೊದಲ ನೆನಪು

ನನ್ನ ಪ್ರೀತಿಯ ಬ್ಯಾಂಡಿನ ಹಾಡನ್ನು ನಾನು ಮೊದಲು ಕೇಳಿದ್ದು ಮೈಸೂರಿನ ಒಂದು ಜೆರಾಕ್ಸ್ ಅಂಗಡಿಯಲ್ಲಿ. ಹೇಳಿಕೊಳ್ಳುವಂಥ ಜಾಗವಲ್ಲ, ಗೊತ್ತು. ಎಂಜಿನಿಯರಿಂಗ್ ಕೊನೆಯ ವರ್ಷ, ಪ್ರಾಜೆಕ್ಟ್ ರಿಪೋರ್ಟಿಗೆ ಸ್ಪೈರಲ್ ಬೈಂಡಿಂಗ್ ಹಾಕಿಸಲು ನಿಂತಿದ್ದೆ. ಅಂಗಡಿಯವನು ಕಂಪ್ಯೂಟರಿನಲ್ಲಿ ಯಾವುದೋ ಸಿಡಿ ಹಾಕಿದ್ದ. ಗಿಟಾರು, ಡ್ರಮ್ಮು, ಅದರ ಜೊತೆಗೆ ನಮ್ಮ ಮನೆಯಲ್ಲಿ ಮಾತಾಡುವಂಥದೇ ಕನ್ನಡ. ಹಾಡಿನ ನಡುವೆ ಎಲ್ಲ ಸದ್ದೂ ನಿಂತು ಬರೀ ಒಂದು ಕೊಳಲು ಉಳಿಯಿತು. ಅಷ್ಟರಲ್ಲಿ ಬೈಂಡಿಂಗ್ ಮುಗಿಯಿತು, ಹಾಡು ಮುಗಿದಿರಲಿಲ್ಲ. 'ನೀಲಿ ರಟ್ಟು ಬೇಡ, ಹಸಿರು ಹಾಕಿ' ಎಂದು ಸುಮ್ಮಸುಮ್ಮನೆ ತಕರಾರು ತೆಗೆದು ಎಲ್ಲ ಬಿಚ್ಚಿಸಿ ಮತ್ತೆ ಹಾಕಿಸಿದೆ. ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ನೀಲಿಯೇ ಆಗಬೇಕಿತ್ತು. ಗೈಡ್ ಮೇಡಂ ಸರಿಯಾಗಿ ಬೈದರು. ಬೈಯಲಿ, ಹಾಡು ಪೂರ್ತಿ ಕೇಳಿದ್ದೆನಲ್ಲ.

ಅದಾಗಿ ಇಪ್ಪತ್ತು ವರ್ಷದ ಮೇಲೆ, ಎರಡು ಸಾವಿರದ ಇಪ್ಪತ್ತನಾಲ್ಕರಲ್ಲಿ, ಆ ಬ್ಯಾಂಡು ನಮ್ಮ ಅಟ್ಲಾಂಟಾ ಕಡೆಗೆ ಬಂತು. ಡುಲುತ್‌ನಲ್ಲಿ ಶೋ. ನಮ್ಮ ಲಾರೆನ್ಸ್‌ವಿಲ್ ಮನೆಯಿಂದ ಇಪ್ಪತ್ತು ನಿಮಿಷದ ದಾರಿ. ಶೋ ನಡೆಸುವ ಸಂಘದವರು ವಾಟ್ಸ್ಯಾಪ್ ಗ್ರೂಪಿನಲ್ಲಿ ಒಂದು ಮೆಸೇಜ್ ಹಾಕಿದರು. ಈ ಬ್ಯಾಂಡನ್ನು ನೀವು ಮೊಟ್ಟಮೊದಲು ಕೇಳಿದ್ದು ಯಾವಾಗ ಎಂದು ಒಂದು ನಿಮಿಷದ ವಿಡಿಯೋ ಮಾಡಿ ಕಳಿಸಬೇಕು. ಚೆನ್ನಾಗಿರುವ ನಾಲ್ಕೈದನ್ನು ಶೋ ದಿನ ಹಾಡುಗಳ ನಡುವೆ ದೊಡ್ಡ ಪರದೆಯ ಮೇಲೆ ತೋರಿಸುತ್ತಾರೆ. ಹಾಡುವವರೂ ಅಲ್ಲೇ ನಿಂತು ನೋಡುತ್ತಾರೆ.

ನನಗೆ ಆ ಪರದೆ ಬೇಕಾಗಿತ್ತು. ಸುತ್ತಿ ಬಳಸಿ ಹೇಳುವುದಿಲ್ಲ. ನಲವತ್ತೆರಡು ವರ್ಷದ ಗಂಡಸು, ಶಾಲೆಯ ಹುಡುಗನ ಹಾಗೆ ಆಸೆಪಟ್ಟೆ. ಆ ಹಾಡುಗಾರ ಒಂದೇ ಒಂದು ನಿಮಿಷ ನಮ್ಮ ಮನೆಯವರ ಮುಖ ನೋಡಬೇಕು, ಇವರು ನಮ್ಮವರು ಅಂದುಕೊಳ್ಳಬೇಕು.

ಗ್ರೂಪಿನಲ್ಲಿ ನೆನಪುಗಳ ಸುರಿಮಳೆ ಶುರುವಾಯಿತು, ನನ್ನ ತಲೆಬಿಸಿಯೂ ಶುರುವಾಯಿತು. ಬೆಂಗಳೂರಿನಲ್ಲಿ ಅವರ ಮೊದಲ ಶೋಗೆ ಬಂದಿದ್ದವರು ಮೂವತ್ತೇ ಜನವಂತೆ. ನಮ್ಮ ಗ್ರೂಪೊಂದರಲ್ಲೇ ಆ ಮೂವತ್ತರ ಪೈಕಿ ಐವತ್ತು ಜನ ಸಿಕ್ಕಿದರು. ಒಬ್ಬ, ಡ್ರಮ್ಮು ಬಾರಿಸುವವನಿಗೆ ತಾನೇ ಬೈಕಿನಲ್ಲಿ ಡ್ರಾಪ್ ಕೊಟ್ಟಿದ್ದೆ ಅಂದ. ಇನ್ನೊಬ್ಬ, ಬ್ಯಾಂಡಿಗೆ ಹೆಸರು ಸೂಚಿಸಿದ್ದೇ ತನ್ನ ರೂಮ್‌ಮೇಟು ಅಂದ. ಡಾಕ್ಟರಾಗಿ ನಿವೃತ್ತರಾದ ಒಬ್ಬ ಅಂಕಲ್, ಈ ದೇಶಕ್ಕೆ ಬಂದು ಐವತ್ತು ವರ್ಷವಾದವರು, ತಾವು ಬರುವ ಮೊದಲೇ ಇವರ ಹಾಡು ಕೇಳಿದ್ದೆ ಎಂದು ಬರೆದರು. ಬ್ಯಾಂಡಿನವರು ಆಗ ಹುಟ್ಟೇ ಇರಲಿಲ್ಲ. ಅಂಕಲ್ ಅಲ್ಲವೇ, ಎಲ್ಲರೂ ಹಾರ್ಟ್ ಒತ್ತಿದರು. ನಾನೂ ಒತ್ತಿದೆ. ಇವರೆಲ್ಲ ಹೀಗೆ ರೀಲು ಬಿಡುತ್ತಿದ್ದರೆ ನನ್ನ ಜೆರಾಕ್ಸ್ ಅಂಗಡಿಯನ್ನು ಯಾರು ಕೇಳಬೇಕು?

ಆದರೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ರಟ್ಟಿನ ಬಣ್ಣ ಸಮೇತ ನಿಜವನ್ನೇ ಹೇಳಿ ಕಳಿಸಿದೆ. ಮೂರು ದಿನ ಬಿಟ್ಟು ಕಮಿಟಿಯವನೊಬ್ಬ ಫೋನ್ ಮಾಡಿದ.

'ಸರ್, ತಪ್ಪು ತಿಳ್ಕೋಬೇಡಿ, ನಿಮ್ಮದು ಸ್ವಲ್ಪ ಡ್ರೈ ಆಯ್ತು. ಮಗಳಿದ್ದಾಳಲ್ಲ? ಅವಳ ಹತ್ರ ಮಾಡಿಸಿ. ಇಲ್ಲಿ ಹುಟ್ಟಿದ ಮಕ್ಕಳು ಕನ್ನಡದಲ್ಲಿ ನಾಲ್ಕು ಮಾತಾಡಿದ್ರೆ ಜನ ಕರಗೋಗ್ತಾರೆ. ಸಂಡೇ ಒಳಗೆ ಅಪ್ಲೋಡ್ ಮಾಡಿ, ಪಕ್ಕಾ ಹಾಕ್ತೀವಿ.'

ಮೈಯೆಲ್ಲ ಉರಿಯಿತು. ಆದರೆ ಪಕ್ಕಾ ಎಂಬ ಮಾತು ಕಿವಿಯಲ್ಲೇ ಉಳಿಯಿತು.

ಇಲ್ಲಿಯ ಕನ್ನಡ ಕಾರ್ಯಕ್ರಮಗಳಿಗೆ ಮಕ್ಕಳು ವಿಡಿಯೋದಲ್ಲಿ ಭಾಷಣ ಮಾಡುವ ಕ್ರಮ ನೋಡದವರಿಗೆ ಹೇಳಬೇಕು. ಮಾತು ಅಪ್ಪ ಅಮ್ಮಂದಿರದು. ಅದನ್ನು ಇಂಗ್ಲಿಷ್ ಅಕ್ಷರದಲ್ಲಿ, ದಪ್ಪ ಮಾರ್ಕರಿನಲ್ಲಿ ರಟ್ಟಿನ ಮೇಲೆ ಬರೆದು ಫೋನಿನ ಹಿಂದೆ ಹಿಡಿಯುತ್ತೇವೆ. ಮಗು ಓದುತ್ತದೆ. ಅರ್ಥ ಆಯಿತೋ ಇಲ್ಲವೋ ಯಾರೂ ವಿಚಾರಿಸುವುದಿಲ್ಲ. ಕನ್ನಡ ನಾಡಿಗಾಗಿ ಪ್ರಾಣ ಕೊಡುತ್ತೇನೆ ಎಂದು ನಮ್ಮ ಮಕ್ಕಳು ಎಷ್ಟು ಸಲ ಹೀಗೆ ಓದಿ ಚಪ್ಪಾಳೆ ಗಿಟ್ಟಿಸಿದ್ದಾರೋ ಲೆಕ್ಕವಿಲ್ಲ. ನಾನೂ ಅದನ್ನೇ ಮಾಡಿದೆ. ಪಾರ್ಸೆಲ್ ಬಂದ ಡಬ್ಬವೊಂದನ್ನು ಹರಿದು, ಅದರ ಒಳಮೈ ಮೇಲೆ, ಜೆರಾಕ್ಸ್ ಅಂಗಡಿಯ ಆ ಕೊಳಲಿನ ಹಾಡನ್ನೇ ಹಿಡಿದು, ಮಗಳ ಮೊದಲ ನೆನಪನ್ನು ಬರೆದೆ. 'ನಾನು ತೊಟ್ಟಿಲಲ್ಲಿ ಇದ್ದಾಗ ನಮ್ಮ ಅಪ್ಪ ಈ ಹಾಡು ಹಾಡಿ ನನ್ನನ್ನು ಮಲಗಿಸುತ್ತಿದ್ದರು. ಆಗಿನಿಂದ ಈ ಹಾಡು ನನ್ನ ಉಸಿರು.'

ಹೆಂಡತಿ ಅದನ್ನು ಓದಿ ನಕ್ಕಳು. 'ರೀ, ತೊಟ್ಟಿಲಲ್ಲಿ ಇದ್ದಾಗಿನದು ಯಾರಿಗಾದ್ರೂ ನೆನಪಿರತ್ತಾ? ನೀವು ಯಾವತ್ರೀ ಹಾಡಿದ್ದು? ಇವಳು ಮಲಗ್ತಿದ್ದದ್ದು ಹೇರ್ ಡ್ರೈಯರ್ ಸದ್ದಿಗೆ.'

'ಜನಕ್ಕೆ ಏನು ಗೊತ್ತಾಗತ್ತೆ? ಸುಮ್ನಿರು ನೀನು' ಎಂದೆ.

ಶನಿವಾರ ಮಧ್ಯಾಹ್ನ ಮಗಳನ್ನು ಸೋಫಾ ಮೇಲೆ ಕೂರಿಸಿದೆ. ಅವಳಿಗೆ ಆಗ ಒಂಬತ್ತು, ಫೋರ್ತ್ ಗ್ರೇಡ್. ರೇಷ್ಮೆ ಲಂಗ ಚುಚ್ಚುತ್ತದೆ ಎಂದು ಮೊದಲೇ ಮುಖ ಊದಿಸಿಕೊಂಡಿದ್ದಳು.

'ತೊಟ್ಟಿಲು ಅಂದ್ರೆ ಏನು ಅಪ್ಪ?'

'ಕ್ರಿಬ್ಬು.'

'ದೆನ್ ವೈ ಕಾಂಟ್ ಐ ಸೇ ಕ್ರಿಬ್?'

'ತೊಟ್ಟಿಲು ಅಂದ್ರೇನೇ ಚೆಂದ. ಓದು.'

ಅವಳ ಬಾಯಲ್ಲಿ ಅದು ತೊತ್ತಿಲು ಆಯಿತು. ತಿದ್ದಿದೆ. ತೊಟ್ಟಿಲು ಸರಿಹೋದರೆ ಉಸಿರು ಕೆಟ್ಟಿತು. ಎರಡೂ ಸರಿಯಾದ ಟೇಕಿನಲ್ಲಿ ಪಕ್ಕದ ಮನೆಯವನು ಲಾನ್ ಮೋವರ್ ಶುರು ಮಾಡಿದ. ಆರನೇ ಟೇಕಿನಲ್ಲಿ ರಟ್ಟು ನೋಡುತ್ತಿರುವುದು ಗೊತ್ತಾಗುವ ಹಾಗೆ ಕಣ್ಣು ಆಡಿಸಿದಳು. ಏಳರಲ್ಲಿ ನಕ್ಕಳು. ಎಂಟರಲ್ಲಿ ನಾನು ರೇಗಿದೆ. ಎಷ್ಟು ಸಣ್ಣ ಕೆಲಸ, ಎರಡು ವಾಕ್ಯ, ಅದೂ ಆಗುವುದಿಲ್ಲವೆಂದರೆ ಹೇಗೆ ಎಂದು ಕೂಗಾಡಿದೆ. ಒಂಬತ್ತು ವರ್ಷದಿಂದ ಕಾರು ಹತ್ತಿದ ಕೂಡಲೇ ಇವರ ಹಾಡು ಹಾಕಿದ್ದೇನೆ, ಇವಳಿಗೂ ಎಲ್ಲ ಬಾಯಿಪಾಠ. ಅಷ್ಟು ಕೇಳಿಸಿದ್ದಕ್ಕೆ ಒಂದು ನಿಮಿಷ ನೆಟ್ಟಗೆ ಕೂತು ನನಗೋಸ್ಕರ ಮಾತಾಡಲಾಗುವುದಿಲ್ಲವೇ ಎಂಬ ಸಿಟ್ಟು ನನಗೆ.

ಹನ್ನೊಂದನೇ ಟೇಕಿಗೆ ನಾನು ರೆಕಾರ್ಡ್ ಒತ್ತಿದೆ. ಅವಳು ರಟ್ಟು ನೋಡಲಿಲ್ಲ.

'ಅಪ್ಪ, ಬಟ್ ದಟ್ ಡಿಡಿಂಟ್ ಹ್ಯಾಪನ್. ನಾನು ನಿಜವಾದ್ದು ಹೇಳ್ಲಾ?'

'ಯಾವ ನಿಜವಾದ್ದು?'

'ಓಲ್ಡ್ ಅಪಾರ್ಟ್‌ಮೆಂಟ್‌ದು. ನೀನು ಕ್ಲಾಸೆಟ್ ಒಳಗೆ ಹೋಗ್ತೀಯ, ಫೋನ್ ತಗೊಂಡು. ಅಮ್ಮ ಟಿವಿಲಿ ಈ ಸಾಂಗ್ ಹಾಕ್ತಾಳೆ. ತುಂಬಾ ಲೌಡ್. ಸಾಂಗ್ ಬಂದ್ರೆ ನಾನು ಮಾತಾಡ್ಬಾರ್ದು. ಸ್ನ್ಯಾಕ್ ಕೇಳ್ಬಾರ್ದು. ಡೋರ್ ಹತ್ರ ಬರ್ಬಾರ್ದು. ದಟ್ಸ್ ದ ಫಸ್ಟ್ ಟೈಮ್ ಐ ರಿಮೆಂಬರ್.'

ಅಡುಗೆಮನೆಯಲ್ಲಿ ನಲ್ಲಿಯ ನೀರು ನಿಂತಿತು. ಹೆಂಡತಿ ಬಂದು ಬಾಗಿಲಲ್ಲಿ ನಿಂತಳು.

ಅದು ಎರಡು ಸಾವಿರದ ಇಪ್ಪತ್ತು, ಕೊರೋನಾ ಶುರುವಾದ ವಸಂತ. ನನ್ನ ಕೆಲಸ ಹೋಗಿತ್ತು. ವರ್ಕ್ ವೀಸಾದವರಿಗೆ ಅರವತ್ತು ದಿನ, ಅಷ್ಟರೊಳಗೆ ಇನ್ನೊಂದು ಕೆಲಸ ಸಿಗಬೇಕು, ಇಲ್ಲವೇ ಹೊರಡಬೇಕು. ಹೊರಡಿ ಎಂದರೂ ಹೊರಡಲು ವಿಮಾನ ಇರಲಿಲ್ಲ. ಒಂದು ಬೆಡ್‌ರೂಮಿನ ಮನೆ. ಇಂಟರ್ವ್ಯೂ, ರಿಕ್ರೂಟರು, ವಕೀಲರು ಎಲ್ಲರ ಫೋನಿಗೂ ನನಗಿದ್ದ ಆಫೀಸೆಂದರೆ ಬಟ್ಟೆ ತೂಗುಹಾಕುವ ಕ್ಲಾಸೆಟ್. ನೆತ್ತಿಗೆ ಕೋಟುಗಳ ತೋಳು ತಾಗುತ್ತಿದ್ದವು. ಐದು ವರ್ಷದ ಮಗುವಿಗೆ ಏನೂ ಕೇಳಿಸಬಾರದು ಎಂದು ಹಾಡು ಹಾಕು ಎಂದವನು ನಾನೇ. ಐವತ್ತಮೂರನೇ ದಿನ ಕೆಲಸ ಸಿಕ್ಕಿತು. ಅದಾದ ಮೇಲೆ ನಾವಿಬ್ಬರೂ ಆ ದಿನಗಳ ಸುದ್ದಿ ಎತ್ತಿದ್ದಿಲ್ಲ. ಮಗುವಿಗೆ ಏನೂ ಗೊತ್ತಾಗಲಿಲ್ಲ, ಪುಣ್ಯ, ಎಂದುಕೊಂಡಿದ್ದೆವು.

'ಮಿಡಲ್‌ನಲ್ಲಿ ಫ್ಲೂಟ್ ಬರತ್ತಲ್ಲ ಅಪ್ಪ' ಅವಳು ಮುಂದುವರಿಸಿದಳು. 'ಆವಾಗ ಎಲ್ಲ ಕ್ವಯಟ್ ಆಗತ್ತೆ. ದೆನ್ ಐ ಕುಡ್ ಹಿಯರ್ ಯೂ. ನೀನು ಅಳ್ತಿದ್ದೆ. ಫಸ್ಟ್ ನಾನು ಅದು ಸಾಂಗ್‌ದೇ ಪಾರ್ಟ್ ಅನ್ಕೊಂಡಿದ್ದೆ.'

ನಾನು ಫೋನ್ ಹಿಡಿದೇ ಇದ್ದೆ. ರೆಕಾರ್ಡ್ ಆಗುತ್ತಲೇ ಇತ್ತು. ಈಗ ಬರೆಯುವಾಗ ಅನ್ನಿಸುತ್ತದೆ, ಆಗ ಫೋನ್ ಕೆಳಗಿಟ್ಟು ಅವಳನ್ನು ಹತ್ತಿರ ಕರೆದುಕೊಳ್ಳಬೇಕಿತ್ತು. ಏನಾದರೂ ಒಂದು ಮಾತು ಹೇಳಬೇಕಿತ್ತು. ನಾನು ಹೇಳಿದ್ದು ಇಷ್ಟು: 'ಸರಿ ಪುಟ್ಟಿ. ಇನ್ನೊಂದ್ಸಲ ತೊಟ್ಟಿಲಿಂದ ಶುರು ಮಾಡು.'

ಅವಳು ಶುರು ಮಾಡಿದಳು. ಒಂದೇ ಒಂದು ತಪ್ಪಿಲ್ಲ. ಕಣ್ಣು ರಟ್ಟಿನ ಕಡೆಗೆ ಹೋಗಲಿಲ್ಲ, ಉಸಿರು ಎಂಬಲ್ಲಿ ಎದೆಯ ಮೇಲೆ ಕೈ ಬೇರೆ ಇಟ್ಟುಕೊಂಡಳು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಮಾರನೆಯ ದಿನ ಎರಡು ವಿಡಿಯೋ ಮುಂದಿಟ್ಟುಕೊಂಡು ಕೂತೆ.

'ನಿಜವಾದ್ದೇ ಕಳಿಸಿ' ಎಂದಳು ಹೆಂಡತಿ.

'ಎಲ್ಲರ ಮುಂದೆನಾ? ಅಷ್ಟು ದೊಡ್ಡ ಸ್ಕ್ರೀನ್ ಮೇಲೆ?'

'ಆ ವರ್ಷ ಯಾರ್ಯಾರ ಮನೇಲಿ ಏನೇನಾಯ್ತು ಅಂತ ನಮಗೆ ಗೊತ್ತಿಲ್ವಾ? ಅವರೂ ಎಲ್ಲೋ ಕೂತು ಅತ್ತವರೇ.'

ನಿಜವೇ. ಗ್ರೂಪಿನಲ್ಲಿರುವವರಲ್ಲಿ ಎಷ್ಟೋ ಜನ ಅದೇ ಅರವತ್ತು ದಿನ ಎಣಿಸಿದವರು. ಒಬ್ಬರೂ ಬಾಯಿ ಬಿಟ್ಟಿಲ್ಲ. ಡ್ರಮ್ಮಿನವನಿಗೆ ಡ್ರಾಪ್ ಕೊಟ್ಟಿದ್ದನ್ನು ಹೇಳುತ್ತಾರೆ, ಇದನ್ನು ಹೇಳುವುದಿಲ್ಲ. ಇವರೆಲ್ಲರ ಮೇಲೆ ವಾರಗಟ್ಟಲೆ ಸಿಡುಕಿದ್ದವನು ನಾನು. ಆದರೆ ಅಪ್ಲೋಡ್ ಒತ್ತುವಾಗ ತೊಟ್ಟಿಲಿನದನ್ನೇ ಒತ್ತಿದೆ. ನಾಚಿಕೆಯಾಯಿತು, ಆದರೂ ಒತ್ತಿದೆ. ಹೆಂಡತಿ ಅವತ್ತೆಲ್ಲ ಎಷ್ಟು ಬೇಕೋ ಅಷ್ಟೇ ಮಾತಾಡಿದಳು.

ಶೋ ದಿನ ಹಾಲ್ ತುಂಬಿತ್ತು. ಹೊರಗೆ ಬಿಸಿಬೇಳೆಬಾತಿನ ಕ್ಯೂ, ಒಳಗೆ ಮುಂದಿನ ಸೀಟಿಗೆ ಜಗಳ. ಬ್ಯಾಂಡಿನವರಿಗೂ ನನ್ನ ಹಾಗೆಯೇ ಹೊಟ್ಟೆ ಬಂದಿತ್ತು, ಹಾಡುಗಾರನ ಗಡ್ಡ ಅರ್ಧ ನರೆತಿತ್ತು. ಗಂಟಲು ಮಾತ್ರ ಹಾಗೇ ಇತ್ತು. ನಾಲ್ಕು ಹಾಡಾದ ಮೇಲೆ ದೀಪ ತಗ್ಗಿತು. ಪರದೆಯ ಮೇಲೆ ನನ್ನ ಮಗಳು ಬಂದಳು, ಎರಡಾಳೆತ್ತರ. ತೊಟ್ಟಿಲು ಎಂದಾಗ ಹೆಂಗಸರೆಲ್ಲ ಅಯ್ಯೋ ಕಂದ ಎಂದರು. ಹಿಂದಿನ ಸಾಲಿನ ಆಂಟಿಯೊಬ್ಬರು ಕಣ್ಣೊರೆಸಿಕೊಂಡರು. ಉಸಿರು ಎಂದಾಗ ಶಿಳ್ಳೆ ಬಿತ್ತು. ಕಮಿಟಿಯವನು ದೂರದಿಂದಲೇ ಹೆಬ್ಬೆರಳು ಎತ್ತಿ ತೋರಿಸಿದ.

ಹಾಡುಗಾರ ಮೈಕ್ ಹಿಡಿದು ವೇದಿಕೆಯ ಅಂಚಿಗೆ ಬಂದ. ಆಮೇಲೆ ಹೇಳಿದ. 'ಇಪ್ಪತ್ತು ವರ್ಷದಿಂದ ಹಾಡ್ತಿದೀವಿ. ನಮ್ಮ ಹಾಡು ಯಾರದೋ ಮನೆ ಜೋಗುಳ ಆಗಿದೆ ಅಂತ ಇವತ್ತೇ ಗೊತ್ತಾಗಿದ್ದು. ಆ ಅಪ್ಪ ಎಲ್ಲಿದ್ರೂ ಒಂದ್ಸಲ ಎದ್ದು ನಿಂತ್ಕೋಬೇಕು.'

ಎದ್ದು ನಿಂತೆ. ಚಪ್ಪಾಳೆಯೋ ಚಪ್ಪಾಳೆ. ಅವನು ನನ್ನನ್ನೇ ನೋಡಿ ಕೈ ಮುಗಿದ. ನಾನು ಬಯಸಿದ್ದೆಲ್ಲ ಆಯಿತು, ಬಯಸಿದ್ದಕ್ಕಿಂತ ಹೆಚ್ಚೇ ಆಯಿತು, ನನ್ನ ಕಿವಿ ಮಾತ್ರ ಕಾದ ಹಂಚಿನ ಹಾಗೆ ಬಿಸಿಯಾಗಿತ್ತು. ಹೆಂಡತಿ ಚಪ್ಪಾಳೆ ಹೊಡೆಯಲಿಲ್ಲ. ಮಡಿಲಲ್ಲಿದ್ದ ಪರ್ಸಿನ ಜಿಪ್ಪು ಎಳೆಯುತ್ತ ಕೂತಿದ್ದಳು.

ಕೂತ ಕೂಡಲೇ ಮಗಳು ನನ್ನ ತೋಳು ಜಗ್ಗಿದಳು. ಅವಳಿಗೆ ಖುಷಿಯೋ ಖುಷಿ, ನಾವಿಬ್ಬರೂ ಸೇರಿ ಏನನ್ನೋ ಗೆದ್ದುಬಿಟ್ಟ ಹಾಗೆ.

'ಅಪ್ಪ, ಅವ್ರು ಬಿಲೀವ್ ಮಾಡ್ಬಿಟ್ರು!'

ಪಕ್ಕದ ಸೀಟಿನವರು ತಿರುಗಿ ನೋಡಿದರು. ವೇದಿಕೆಯ ಮೇಲೆ ಗಿಟಾರಿನವನು ಆ ಹಾಡಿನ ಮೊದಲ ತಂತಿ ಮೀಟಿದ. ಹಾಲ್‌ನಲ್ಲಿದ್ದ ಮಕ್ಕಳೆಲ್ಲ ಕುಣಿಯಲು ಮುಂದಕ್ಕೆ ಓಡಿದರು.

'ಶ್, ಹಾಡು ಶುರುವಾಯ್ತು' ಎಂದೆ ನಾನು.

ಅವಳು ತಕ್ಷಣ ಬಾಯಿ ಮುಚ್ಚಿ, ಕೈ ಎರಡೂ ಮಡಿಲಲ್ಲಿಟ್ಟುಕೊಂಡು, ಹಾಡು ಮುಗಿಯುವವರೆಗೆ ಮಿಸುಕಾಡದೆ ಕೂತಳು.