ಅಣ್ಣ ವಾದ ಬಿಟ್ಟ ದಿನ

ಹರಿಹರದಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುತ್ತಿದ್ದ ನನ್ನ ದೊಡ್ಡಪ್ಪನ ಮಗನಿಗೂ ನನಗೂ ವರ್ಷಗಟ್ಟಲೆ ಒಂದೇ ಜಗಳ. ಅವನ ಮನೆಯಲ್ಲಿ ಎಕ್ಸ್‌ಬಾಕ್ಸ್, ದಾವಣಗೆರೆಯ ನನ್ನ ಮನೆಯಲ್ಲಿ ಪ್ಲೇಸ್ಟೇಷನ್. ಎರಡೂ ಒಂದೇ ಕಾಲಕ್ಕೆ ಬಂದ, ಟಿವಿಗೆ ಜೋಡಿಸಿ ಆಡುವ ವಿಡಿಯೋ ಗೇಮ್ ಯಂತ್ರಗಳು. ಹಳೆಯ ಆಟಗಳೂ ತನ್ನದರಲ್ಲಿ ಓಡುತ್ತವೆ, ಕಂಟ್ರೋಲರ್ ಕೈಯಲ್ಲಿ ಕೂರುವ ರೀತಿಯೇ ಬೇರೆ ಎಂಬುದು ಅವನ ವಾದ. ನನ್ನದರಲ್ಲಿ ಬಾಣ ಬಿಡುವ ಆಟ ಆಡುವಾಗ ಬಿಲ್ಲು ಎಳೆದರೆ ಟ್ರಿಗರ್, ಅಂದರೆ ತೋರುಬೆರಳಿನ ಗುಂಡಿ, ಎದುರು ಒತ್ತುತ್ತದೆ, ಹೆದೆಯ ಬಿಗಿ ಬೆರಳಿಗೇ ತಿಳಿಯುತ್ತದೆ ಎಂಬುದು ನನ್ನ ಹೆಮ್ಮೆ.

"ಆಟ ಆಡಾಕ ತಗಂಡೀಯೋ, ಕಸರತ್ತು ಮಾಡಾಕೋ?" ಎನ್ನುತ್ತಿದ್ದ. ನಲವತ್ತು ದಾಟಿದ ಇಬ್ಬರ ಕಚ್ಚಾಟ ಕೇಳಲಾರದೆ ಅತ್ತಿಗೆ ಮಂಡಕ್ಕಿ ತಟ್ಟೆ ಇಟ್ಟು ಒಳಗೆ ಹೋಗಿಬಿಡುತ್ತಿದ್ದರು.

ಒಂದು ಭಾನುವಾರ ನಮ್ಮ ಮನೆಗೆ ಬಂದವನು ಅದೇ ಬಿಲ್ಲಿನ ಆಟಕ್ಕೆ ಕೂತ. ಬಾಣ ಹೋಗಲೇ ಇಲ್ಲ.

"ಲೇ, ನಿನ್ ಟ್ರಿಗರ್ ಹಿಡ್ಕಂಡೈತೆ ನೋಡು."

ನಾನು ಒತ್ತಿದೆ, ಸರಿಯಿತ್ತು. ಸೆಟ್ಟಿಂಗ್ಸ್‌ನಲ್ಲಿ ಬಿಗಿ ತೆಗೆದುಕೊಟ್ಟೆ. ಆಗಲೂ ಅವನ ತೋರುಬೆರಳು ಅರ್ಧಕ್ಕೆ ಹೋಗಿ ನಡುಗುತ್ತ ನಿಂತಿತು. ಮೋಟಾರಿಗೆ ತಂತಿ ಸುತ್ತಿ ಸುತ್ತಿ ಕೈ ಸೋತಿದೆ ಎಂದು ನಗಾಡಿಕೊಂಡೆವು.

ಕೆಲವು ವಾರ ಬಿಟ್ಟು ಹರಿಹರಕ್ಕೆ ಹೋದಾಗ ಅವನು ತನ್ನದೇ ಕಂಟ್ರೋಲರನ್ನು ನನ್ನ ತೊಡೆಯ ಮೇಲೆ ಹಾಕಿದ. "ನಿಂದೇ ಚಲೋ ಐತೆ ಬಿಡೋ. ಇದು ಭಾಳ ಗಟ್ಟಿ."

ಅವನದರ ಟ್ರಿಗರ್ ಹೂವಿನಷ್ಟು ಹಗುರ. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಸೋಲೊಪ್ಪದವನ ಕೈಯನ್ನು ಆಗ ಸರಿಯಾಗಿ ನೋಡಿದೆ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮಾಂಸ ಇಂಗಿ ಗುಳಿ ಬಿದ್ದಿತ್ತು. ನನಗೆ ಗೆದ್ದೆ ಅನ್ನಿಸಲಿಲ್ಲ, ಮರುದಿನವೇ ಡಾಕ್ಟರ ಹತ್ತಿರ ಹೋಗೋಣ ಎಂದೆ.

ದಾವಣಗೆರೆಯಲ್ಲಿ ನರಗಳ ಡಾಕ್ಟರು ಪರೀಕ್ಷೆಗಳನ್ನೆಲ್ಲ ಮಾಡಿಸಿ, ಸ್ನಾಯುಗಳು ಒಂದೊಂದಾಗಿ ಸೋಲುತ್ತ ಹೋಗುವ ಕಾಯಿಲೆ ಎಂದರು. ಗುಣವಾಗುವುದಿಲ್ಲ.

"ಸ್ಕ್ರೂಡ್ರೈವರ್ ಹಿಡಿಯಾಕ ಆಗ್ತೈತೇನ್ರಿ?" ಎಂದು ಕೇಳಿದ ಅಣ್ಣ.

"ಆಗೋವಷ್ಟು ದಿನ ಹಿಡೀರಿ" ಎಂದರು ಅವರು.

ಕೆಲವೇ ತಿಂಗಳಲ್ಲಿ ಅವನ ರಿಪೇರಿ ಅಂಗಡಿ ಮುಚ್ಚಿತು. ಎರಡು ಕಂಟ್ರೋಲರ್ ಸೇರಿಸಿ ಇಬ್ಬರು ಒಬ್ಬನೇ ಆಟಗಾರನಂತೆ ಆಡುವ ಸೌಲಭ್ಯವಿದೆ ಎಂದು ನಾನು ಹುಡುಕಿ ತಿಳಿದುಕೊಂಡೆ. ಅವನದರಲ್ಲೂ ಇತ್ತು, ನನ್ನದರಲ್ಲೂ ಇತ್ತು. "ಹಂಗಾರ ಎರಡೂ ಸಮ" ಎಂದ. ಆಗಲೇ ಮಾತು ತೊದಲುತ್ತಿತ್ತು. ಕಾರಿನ ಆಟದಲ್ಲಿ ಅವನ ಎಡ ಹೆಬ್ಬೆರಳು ತಿರುಗಿಸುತ್ತಿತ್ತು, ವೇಗ ಮತ್ತು ಬ್ರೇಕು ನನ್ನ ಕೈಯಲ್ಲಿ. ತಿರುವಿನಲ್ಲಿ ಗೋಡೆಗೆ ಗುದ್ದಿದಾಗ, "ಬ್ರೇಕ್ ಯಾಕ ಹಾಕ್ಲಿಲ್ಲೋ?" ಎಂದು ಬೈದ. ಆ ಬೈಗುಳ ಕೇಳಿ ನನಗೆ ಖುಷಿಯಾಗಿತ್ತು.

ಬೇಸಿಗೆಯೊಳಗೆ ಆ ಹೆಬ್ಬೆರಳೂ ನಿಂತಿತು. ನೀನು ಆಡು, ನಾನು ನೋಡ್ತೀನಿ ಎಂದು ಕಷ್ಟಪಟ್ಟು ಹೇಳಿದ. ಆಡಿದೆ. ಮಧ್ಯೆ ತಿರುಗಿ ನೋಡಿದರೆ ಮಲಗಿದ್ದಲ್ಲೇ ಕಣ್ಣು ಮುಚ್ಚಿಕೊಂಡಿದ್ದ, ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು. ಒರೆಸಿಕೊಳ್ಳಲು ಅವನ ಕೈ ಏಳುತ್ತಿರಲಿಲ್ಲ. ಅತ್ತಿಗೆ ಬಂದು ಸೆರಗಿನಿಂದ ಒರೆಸಿ, ಟಿವಿ ಆರಿಸಿದರು.

"ಇನ್ ಮ್ಯಾಲೆ ಇದು ಬ್ಯಾಡ್ರಿ. ನೀವು ಬರ್ರಿ, ಸುಮ್ನೆ ಕೂಡ್ರಿ, ಸಾಕು."

ಈಗಲೂ ಭಾನುವಾರ ಹೋಗುತ್ತೇನೆ. ಅವನ ಕೈಯನ್ನು ನನ್ನ ಕೈಯಲ್ಲಿಟ್ಟುಕೊಂಡು ಕೂರುತ್ತೇನೆ. ಬೆರಳು ಅಲ್ಲಾಡದಿದ್ದರೂ ನೀವಿದರೆ ಅವನಿಗೆ ತಿಳಿಯುತ್ತದೆಯಂತೆ, ಡಾಕ್ಟರು ಹೇಳಿದ್ದಾರೆ.