ಒಂದೇ ತೋಳು ಏರಿಸಿದ ಇಂದ್ರಸೇನ

ಮರಾಠಿ ಸೀಮೆಯ ಅಂಚಿನ ಸಂಖ ಊರಿನಲ್ಲಿ ಹುಸ್ನಾಳಷ್ಟು ಸಣ್ಣ ಹೊಲಿಗೆ ಹಾಕುವ ಹೆಂಗಸರು ಇನ್ನಿಬ್ಬರು ಸಿಕ್ಕಾರು. ಅವಳಷ್ಟು ಚೆಂದ ಸುಳ್ಳು ಹೇಳುವವರು ಮಾತ್ರ ಇನ್ನೊಬ್ಬರಿಲ್ಲ. ಸುಳ್ಳು ಅಂದರೆ ಮನೆ ಮುರಿಯುವ ಸುಳ್ಳಲ್ಲ. ಟೀವಿಯ ಧಾರಾವಾಹಿಯಲ್ಲಿ ಬಾರದ್ದನ್ನು ಬಂತು ಎಂದು ಹೇಳುವ ಸುಳ್ಳು. ಅದನ್ನು ಕೇಳಲೆಂದೇ ಹೆಂಗಸರು ಭಾಂಡೆ ತಿಕ್ಕುವುದನ್ನು ಅರ್ಧಕ್ಕೆ ಬಿಟ್ಟು ಯಮನವ್ವನ ಪಡಸಾಲೆಗೆ ಓಡಿ ಬರುತ್ತಿದ್ದರು.

ಯಮನವ್ವನ ಮೊಮ್ಮಗಳು ಶೀತಲ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಕೂಸಿಗೆ ಮತ್ತು ಬಾಣಂತಿಗೆ ಕೂಡಿಯೇ ಹೊದೆಯಲು ಬರುವಂಥ ದೊಡ್ಡ ಕೌದಿ ಆಗಬೇಕಿತ್ತು. ಹಳೇ ಸೀರೆಗಳ ಪದರು ಹಾಸಿ, ನಾಲ್ಕು ಬದಿಗೆ ನಾಲ್ವರು ಕೂತು, ಅಂಚಿನಿಂದ ಒಳಗೆ ಹೊಲಿಯುತ್ತ ಬರುವುದು ಇಲ್ಲಿಯ ರೂಢಿ. ಮೊದಲ ದಿನ ಎದುರುಬದುರು ಕೂತವರು ಕೂಗಿ ಮಾತಾಡಬೇಕು. ಹೊಲಿಗೆ ಸಾಗಿದಂತೆ ಹತ್ತಿರ ಹತ್ತಿರ ಸರಿದು ಕೊನೆಗೆ ಮೊಣಕಾಲಿಗೆ ಮೊಣಕಾಲು ತಾಗುತ್ತದೆ. ಹಾಗಾಗಿ ಯಾರನ್ನು ಯಾರ ಎದುರು ಕೂರಿಸಬೇಕೆಂದು ಬುದ್ಧಿವಂತ ಮುದುಕಿಯರು ನೋಡಿಯೇ ಕೂರಿಸುತ್ತಾರೆ. ಯಮನವ್ವ ಹುಸ್ನಾಳ ಎದುರು ಶಮಶಾದಳನ್ನು ಕೂರಿಸಿ, ಮೂರನೆಯ ಬದಿಗೆ ತಾನು ಕೂತಳು.

ಅವರಿಬ್ಬರ ಗಂಡಂದಿರು ಹಾವು ಮುಂಗುಸಿ. ಹುಸ್ನಾಳ ಗಂಡ ಸಲೀಮನೂ ಶಮಶಾದಳ ಗಂಡ ಜಮೀರನೂ ಒಂದು ಕಾಲಕ್ಕೆ ಕೂಡಿಯೇ ಮಂಡಪದ ಅಂಗಡಿ ಇಟ್ಟಿದ್ದರು. ಮದುವೆಗೆ ಪೆಂಡಾಲು, ಕುರ್ಚಿ, ಜನರೇಟರು ಕೊಡುವ ಧಂದೆ. ಯಾವುದೋ ಮಾತಿಗೆ ಮಾತು ಬೆಳೆದು ಬೇರೆಯಾದರು. ಈಗ ಒಬ್ಬನ ಗಾಡಿ ಬಂದರೆ ಇನ್ನೊಬ್ಬ ಓಣಿ ಬದಲಿಸುತ್ತಾನೆ. ಗಂಡಸರ ಜಗಳ ಕೌದಿಯ ಮೇಲೆ ಬರಬಾರದು ಎಂಬುದು ಯಮನವ್ವನ ಕಾನೂನು. ಶಮಶಾದ ಹಳೇ ರೂಢಿಯಂತೆ ಹುಸ್ನಾಳನ್ನು ಇನ್ನೂ "ಭಾಬಿ" ಎಂದೇ ಕರೆಯುತ್ತಿದ್ದಳು. ಹೆಚ್ಚು ಮಾತಿನವಳಲ್ಲ. ದಾರ ಮುಗಿದಾಗಲೆಲ್ಲ ಸೂಜಿಯನ್ನು ಜಡೆಯಲ್ಲಿ ಸಿಕ್ಕಿಸಿಕೊಳ್ಳುವ ಚಾಳಿ ಅವಳಿಗೆ. ಅದಕ್ಕೆ ಯಮನವ್ವನಿಂದ ದಿನಾ ಬೈಸಿಕೊಳ್ಳುತ್ತಿದ್ದಳು.

ಮೊದಮೊದಲು ಹುಸ್ನಾ ಸುಳ್ಳು ಹೇಳುತ್ತಿರಲಿಲ್ಲ. ಸಂಜೆ ನೋಡಿದ ಮರಾಠಿ ಧಾರಾವಾಹಿಯನ್ನು ಮರುದಿನ ಕನ್ನಡದಲ್ಲಿ ಹೇಳುತ್ತಿದ್ದಳು, ಅಷ್ಟೆ. ಯಮನವ್ವನಿಗೆ ಸಂತೆಯ ಮರಾಠಿ ಬರುತ್ತದೆ, ಟೀವಿಯ ಶ್ರೀಮಂತರ ಮರಾಠಿ ತಲೆಗೆ ಹತ್ತುವುದಿಲ್ಲ. ಕಥೆಯಲ್ಲಿ ಗಾರ್ಗಿ ಎಂಬ ಹುಡುಗಿ, ಅವಳನ್ನು ಮದುವೆಯಾಗಲಿರುವ ಸುಹಾಸ, ಅವರಿಬ್ಬರ ಬೆನ್ನು ಹತ್ತಿದ ದುಷ್ಟ ಇಂದ್ರಸೇನ. ಒಂದು ಸಂಜೆ ಕರೆಂಟು ಹೋಯಿತು. ಮರುದಿನ ಹೇಳಲು ಏನೂ ಇರಲಿಲ್ಲ. ಹುಸ್ನಾ ಬಾಯಿಗೆ ಬಂದದ್ದು ಹೇಳಿದಳು. ಗಾರ್ಗಿಯ ಮನೆಗೆ ಬೆಂಕಿ ಹಚ್ಚಲು ಬಂದ ಇಂದ್ರಸೇನ, ಅವಳು ಜ್ವರದಲ್ಲಿ ಮಲಗಿದ್ದು ಕಂಡು, ಕಡ್ಡಿಪೆಟ್ಟಿಗೆ ಕಿಸೆಗೆ ಹಾಕಿಕೊಂಡು ಬಾಗಿಲಲ್ಲೇ ಕೂತುಬಿಟ್ಟ ಎಂದಳು. ಸೂಜಿಗಳೆಲ್ಲ ನಿಂತವು. ಟೀವಿಯಲ್ಲಿ ಹೀಗೆ ಬಂದಿರಲಾರದು ಎಂದು ಎಲ್ಲರಿಗೂ ಗೊತ್ತಾಯಿತು, ಯಾರೂ ಬಾಯಿ ಬಿಡಲಿಲ್ಲ. ಅಂದಿನಿಂದ ಟೀವಿಯ ಕಥೆ ಯಾರಿಗೂ ಬೇಡವಾಯಿತು.

ನಾಲ್ಕನೆಯ ಬದಿಯ ಚನ್ನವ್ವನಿಗೆ ಮಾತ್ರ ಸಂಶಯ. "ಅಲ್ಲ ಹುಸ್ನಾ, ದೇವರಂಥಾ ಸುಹಾಸ ಇರೂ ಮುಂದ ಆ ಹಲಕಟ್ ಇಂದ್ರಸೇನ ಯಾಕ ಬೇಕ ಆ ಹುಡಿಗಿಗಿ?"

"ಸುಹಾಸ ಚಲೋ ಅದಾನ, ಯಾರ ಇಲ್ಲಂತಾರ್ರಿ? ಗಾರ್ಗಿಗೂ ಚಲೋ, ಕಸಾ ಹೊಡಿಯಾಕಿಗೂ ಚಲೋ, ಓಣ್ಯಾಗಿನ ನಾಯಿಗೂ ಚಲೋ. ಅದರಾಗ ಆಕಿ ಪಾಲಿಗಿ ಬಂದದ್ದ ಏನ? ಇಂದ್ರಸೇನ ಊರಿಗೆಲ್ಲಾ ಕೆಟ್ಟ. ಒಬ್ಬಾಕಿ ಮುಂದ ಅಷ್ಟ ಮೆತ್ತಗಾಗ್ತಾನ. ಅದು ಆಕಿಗಷ್ಟ ಸಿಕ್ಕದ್ದು."

"ಖರೆ ಐತಿ," ಎಂದಳು ಯಮನವ್ವ. "ವೈರಿ ನೆದರ ಇದ್ದಂಗ ಗಂಡನ ನೆದರ ಇರೂದಿಲ್ಲ. ಗಂಡಗ ಹೆಂಡತಿ ಹೊಸಾ ಸೀರಿ ಉಟ್ಟದ್ದೂ ಕಾಣೂದಿಲ್ಲ."

ಹಾಸಿಗೆಯಲ್ಲಿ ಒರಗಿದ್ದ ಶೀತಲ ನಕ್ಕಳು. "ಆಯಿ, ಇದು ನಿಮಗಷ್ಟ ಹತ್ತಿದ ಹುಚ್ಚಲ್ಲ. ಮೊಬೈಲ್‌ನ್ಯಾಗ ಹುಡಿಗ್ಯಾರು ಇಂಥಾವ ಬರೀತಾರ. ಯಾವದೋ ಕಥಿ ತಗೋತಾರ, ಹೀರೋನ್ನ ಬದಿಗಿ ಸರಿಸಿ ವಿಲನ್ನ ಜೋಡಿ ಲಗ್ನಾ ಮಾಡತಾರ. ಫ್ಯಾನ್ ಫಿಕ್ಷನ್ ಅಂತಾರ ಅದಕ್ಕ. ನಾನೂ ಓದ್ತೀನಿ."

ಜಗತ್ತಿನಲ್ಲಿ ತನ್ನಂಥ ಹುಚ್ಚಿಯರು ಬಹಳ ಮಂದಿ ಇದ್ದಾರೆ ಎಂದು ತಿಳಿದು ಹುಸ್ನಾಳಿಗೆ ಧೈರ್ಯ ಬಂತು. ಬರಬಾರದಷ್ಟು ಬಂತು.

ಅವಳ ಸಲೀಮ ಬಂಗಾರದಂಥ ಮನುಷ್ಯ. ಊರಲ್ಲಿ ಯಾರು ಸತ್ತರೂ ಪುಕ್ಕಟೆ ತಾಡಪತ್ರಿ ಕಟ್ಟಿ, ಕುರ್ಚಿ ಹಾಕಿ ಬರುತ್ತಾನೆ. ಹೆಂಡತಿಗೆ ಒಂದು ಗಡಸು ಮಾತು ಆಡಿದವನಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಹುಸ್ನಾಳನ್ನು ಬೈಯುವವರು ಬೈಯಲಿ. ಆದರೆ ಅವಳೊಳಗೆ ಒಂದು ಸಂಗತಿ ಉಳಿದುಬಿಟ್ಟಿತ್ತು. ಅಂಗಡಿ ಪಾಲಾದ ದಿನ ಅವಳ ಅಂಗಳದಲ್ಲಿ ಪೈಪು, ಕುರ್ಚಿಗಳ ರಾಶಿ ಬಿದ್ದಿತ್ತು. ಜಮೀರ ಸಲೀಮನ ಏಳು ತಲೆಮಾರು ಎತ್ತಿ ಬೈಯುತ್ತಿದ್ದ. ಅವಳು ತುಂಬಿದ ಕೊಡ ಹೊತ್ತು ಬರುವಾಗ ಗೋಡೆಗೆ ಆನಿಸಿದ್ದ ಕಬ್ಬಿಣದ ಪೈಪು ಜಾರಿತು. ಜಮೀರ ಬೈಗುಳ ನಿಲ್ಲಿಸದೆಯೇ, ಅವಳ ಕಡೆ ತಿರುಗಿಯೂ ನೋಡದೆ, ಕೈಚಾಚಿ ಅದನ್ನು ಹಿಡಿದು ಆಚೆ ಇಟ್ಟ. ಇಟ್ಟು ಮತ್ತೆ ಬೈದ. ಸಲೀಮನೂ ಅಲ್ಲೇ ಇದ್ದ. ಜಗಳ ಬಿಡಿಸಲು ಬಂದವರಿಗೆ ಕುರ್ಚಿ ಹಾಕುತ್ತಿದ್ದ.

ಅಷ್ಟೇ ನಡೆದದ್ದು. ಆಮೇಲೆ ಜಮೀರನ ಜೊತೆ ಅವಳು ಒಂದು ಮಾತು ಆಡಿಲ್ಲ, ಆಡಬೇಕೆಂದೂ ಅನಿಸಿಲ್ಲ. ಆದರೂ ಅಡಿಗೆ ಮನೆಯಲ್ಲಿ ಒಬ್ಬಳೇ ಇರುವಾಗ ಆ ಪೈಪು ಎಷ್ಟೋ ಸಲ ಜಾರಿದೆ, ಆ ಕೈ ಎಷ್ಟೋ ಸಲ ಬಂದಿದೆ.

ಕೌದಿ ಮುಕ್ಕಾಲು ಮುಗಿದ ದಿನ ಹುಸ್ನಾ ಹೊಸ ಕಂತು ಶುರು ಮಾಡಿದಳು. ಸುಹಾಸನ ವಾಡೆಯ ಆಸ್ತಿ ಹಂಚಿಕೆ ನಡೆದಿದೆ, ಇಂದ್ರಸೇನ ಬಾಯಿಗೆ ಬಂದಂತೆ ಬೈಯುತ್ತಿದ್ದಾನೆ, ಗಾರ್ಗಿ ನೀರು ಹೊತ್ತು ಬರುತ್ತಾಳೆ. "ಕಬ್ಬಿಣದ ಪೈಪ ಇನ್ನೇನ ಆಕಿ ಕಾಲಮ್ಯಾಲ ಬೀಳೂದು, ಇಂವ ಕೈ ಚಾಚಿದಾ. ಎಡಗಡಿ ಅಂಗಿ ತೋಳ ಮೊಳಕೈತನಾ ಏರಿಸಿದ್ದಾ, ಬಲಗಡಿದು ಗುಂಡಿ ಸೈತ ಬಿಚ್ಚಿರಲಿಲ್ಲ…"

ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವುದು ಸುಳ್ಳಲ್ಲ. ಜನರೇಟರಿನ ಬಿಸಿ ತಾಗಿ ಬಲಗೈ ಸುಟ್ಟುಕೊಂಡು, ಕಡುಬೇಸಿಗೆಯಲ್ಲೂ ಆ ಒಂದು ತೋಳನ್ನು ಇಳಿಬಿಟ್ಟುಕೊಂಡೇ ತಿರುಗುವ ಗಂಡಸು ಊರಿನಲ್ಲಿ ಒಬ್ಬನೇ.

"ಅಯ್ಯ, ಇಂದ್ರಸೇನ ಯಾವಾಗಿಂದ ಮಂಡಪಾ ಹೊಡ್ಯಾಕ ಚಾಲೂ ಮಾಡ್ಯಾನ?" ಎಂದು ಚನ್ನವ್ವ ನಕ್ಕಳು. ನಕ್ಕವಳು ಹುಸ್ನಾಳ ಎದುರು ಕೂತವಳನ್ನು ನೋಡಿ ನಾಲಿಗೆ ಕಚ್ಚಿಕೊಂಡಳು. ಶಮಶಾದ ತಲೆ ತಗ್ಗಿಸಿ ಹೊಲಿಯುತ್ತಿದ್ದಳು.

"ಟೀವ್ಯಾಗ ಹಂಗ ಬಂದಿತ್ತ್ರಿ, ನಾ ಮಾಡಿದ್ದಲ್ಲ," ಎಂದಳು ಹುಸ್ನಾ. ಯಾರೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು. ಕಿವಿಯ ತುದಿಯವರೆಗೆ ಬೆಂಕಿ ಹತ್ತಿತು. ಸೂಜಿ ಚುಚ್ಚಿಟ್ಟು, ಹಾಲು ಉಕ್ಕಿತೆಂದೋ ಏನೋ ಹೇಳಿ ಮನೆಗೆ ಓಡಿದಳು.

ಮನೆಯಲ್ಲಿ ಸಲೀಮ ಅವಳ ಮುಖ ನೋಡಿ "ತಲಿ ನೋಯಾಕತ್ತೇನು?" ಎಂದು ತಾನೇ ಶುಂಠಿ ಜಜ್ಜಿ ಚಹಾ ಮಾಡಿ ತಂದ. ಅದಕ್ಕಿಂತ ಅವನು ಒಂದು ಏಟು ಕೊಟ್ಟಿದ್ದರೆ ಹಗುರಾಗುತ್ತಿತ್ತು. ಚಹಾ ಕುಡಿಯುತ್ತ ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಶಮಶಾದ ಇದನ್ನು ಗಂಡನ ಕಿವಿಗೆ ಹಾಕಿದರೆ, ಜಮೀರ ಅದನ್ನು ಸಂತೆಯಲ್ಲಿ ಸಲೀಮನ ಮುಖದ ಮೇಲೆ ಒಗೆದರೆ, ಈ ಚಹಾದ ಬಟ್ಟಲು ಹಿಡಿದ ಕೈ ಏನಾದೀತು? ಭಯಕ್ಕಿಂತ ನಾಚಿಕೆ ದೊಡ್ಡದಿತ್ತು. ತಪ್ಪು ಮಾಡಿ ನಾಚುವುದಕ್ಕಾದರೂ ಒಂದು ಅರ್ಥವಿದೆ. ಏನೂ ನಡೆಯದ್ದನ್ನು ಇಷ್ಟು ವರ್ಷ ಒಳಗಿಟ್ಟು ಸಾಕಿದ್ದಕ್ಕೆ, ಅದನ್ನು ಇನ್ನೊಬ್ಬಳ ಗಂಡನಿಂದ ಕದ್ದು ಅವಳ ಎದುರೇ ಹರವಿದ್ದಕ್ಕೆ ಅವಳು ನಾಚಿದಳು.

ಮರುದಿನ ಹೋಗಲಿಲ್ಲ. ಮೂರನೆಯ ದಿನ ಯಮನವ್ವನೇ ಕೋಲೂರಿಕೊಂಡು ಬಂದಳು. "ನೀ ಹಿಡಿದ ಬದಿ ನೀನ ಮುಗಸಬೇಕವಾ. ಬ್ಯಾರೆದಾಕಿ ಕೈ ಹಚ್ಚಿದ್ರ ಕೌದಿ ಕುಂಟತೈತಿ, ಮಲಗೂ ಕೂಸೂ ಕುಂಟತೈತಿ. ನಾಚಿಕಿ ಆಮ್ಯಾಲ ಪಡು, ಏಳು."

ಕೂಸಿನ ಹೆಸರು ಹೇಳಿದ ಮೇಲೆ ಇಲ್ಲ ಎನ್ನುವ ಬಾಯಿ ಎಲ್ಲಿಯದು? ಹುಸ್ನಾ ಹೋದಳು. ಉಳಿದದ್ದು ನಡುವಿನ ಸಣ್ಣ ಚೌಕ, ಇಬ್ಬರೇ ಕೂರುವಷ್ಟು. ಯಮನವ್ವನ ಬದಿಯೂ ಚನ್ನವ್ವನ ಬದಿಯೂ ಮುಗಿದಿದ್ದವು. ಯಮನವ್ವ ಅವಳನ್ನೂ ಶೀತಲಳನ್ನೂ ಚಹಾಕ್ಕೆಂದು ಒಳಗೆ ಕರೆದುಕೊಂಡು ಹೋದಳು. ಮುದುಕಿಗೆ ತಿಳಿಯದ್ದು ಯಾವುದಿದೆ?

ಶಮಶಾದಳ ಮೊಣಕಾಲು ತಾಗಿತು. ಹುಸ್ನಾ ತಲೆ ಎತ್ತಲಿಲ್ಲ. ಸೂಜಿ ಒಂದು ಕಡೆ ಚುಚ್ಚಿದರೆ ಇನ್ನೊಂದು ಕಡೆ ಏಳುತ್ತಿತ್ತು.

"ಭಾಬಿ, ಖರೇನ ಆ ಪೈಪ ಹಿಡದಿದ್ರೇನು ಅವರು?"

ಸುಳ್ಳಿನ ರಾಣಿಗೆ ಆಗ ಒಂದು ಸುಳ್ಳೂ ಹೊಳೆಯಲಿಲ್ಲ. "ಹೂಂ," ಎಂದಳು. "ಮಾಫ್ ಮಾಡವಾ ಶಮಶಾದ. ನಂದು ಹೊಲಸ ಬಾಯಿ. ಅಷ್ಟ ಆಗಿದ್ದು, ಅಲ್ಲಾನ ಆಣಿ, ಮತ್ತೇನಿಲ್ಲ."

"ಮತ್ತೇನಿಲ್ಲಂತ ನನಗ ಗೊತ್ತೈತಿ. ಮನ್ಯಾಗ ನಾ ಹೇಳಿಲ್ಲ, ಹೇಳೂದೂ ಇಲ್ಲ." ಶಮಶಾದ ದಾರ ಮುಗಿದ ಸೂಜಿಯನ್ನು ಜಡೆಗೆ ಸಿಕ್ಕಿಸಿಕೊಂಡಳು. ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, "ಮುಂದ ಹೇಳ್ರಿ ಭಾಬಿ," ಎಂದಳು. "ಗಾರ್ಗಿ ಜೋಡಿ ಮೆತ್ತಗ ಹೆಂಗ ಮಾತಾಡ್ತಾನ, ಅದನ್ನ ಹೇಳ್ರಿ. ಇಷ್ಟ ವರ್ಷ ಸಂಸಾರ ಮಾಡೀನಿ. ಆ ಮನಶ್ಯಾನ ಭೆಟ್ಟಿ ನನಗ ಆಗಿಲ್ಲ."

ಹುಸ್ನಾ ಅಂದುಕೊಂಡಿದ್ದ ಯಾವ ಬೈಗುಳವೂ ಇಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ. ಇಷ್ಟು ದಿನ ಕಥೆಯಲ್ಲಿ ಕೊಡ ಹೊತ್ತವಳು, ಜ್ವರದಲ್ಲಿ ಮಲಗಿದವಳು, ಎಲ್ಲ ತಾನೇ ಆಗಿದ್ದಳು. ಎದುರು ಕೂತು ಕೇಳುತ್ತಿದ್ದವಳು ಒಂದು ಮೆತ್ತಗಿನ ಮಾತಿಗೆ ಹಸಿದಿದ್ದಳು.

ಹುಸ್ನಾ ಶುರು ಮಾಡಿದಳು. "ಅವತ್ತ ಗಾರ್ಗಿ ಒಬ್ಬಾಕಿನ ಹೊಲಕೋತ ಕುಂತಿದ್ಳು. ದಾರ ಮುಗದಿತ್ತು. ಸೂಜಿ ಜಡಿಯಾಗ ಸಿಗಿಸ್ಕೊಂಡ್ಳು. ಇಂದ್ರಸೇನ ಬಾಗಲದಾಗ ನಿಂತ ನೋಡಿದಾ. ಬ್ಯಾರೆ ಯಾರರೆ ಆಗಿದ್ರ ಬೈತಿದ್ದಾ. ಆಕಿಗಿ ಮೆತ್ತಗ ಅಂದಾ, ಚುಚ್ಚೀತು, ತಗೀ ಅದನ್ನ."

ಶಮಶಾದಳ ಕೈ ಜಡೆಗೆ ಹೋಯಿತು. ಅಲ್ಲಿದ್ದ ಸೂಜಿಯನ್ನು ತೆಗೆದು ಅಂಗೈಯಲ್ಲಿ ಇಟ್ಟುಕೊಂಡು ನೋಡಿದಳು. ಮುಖ ಕೆಂಪಾಗಿತ್ತು.

"ಮತ್ತ?" ಎಂದಳು.

ಹುಸ್ನಾ ಹೇಳುತ್ತ ಹೋದಳು. ಕೌದಿ ಮುಗಿಯುವ ತನಕ ಆ ಪೈಪು ಕಥೆಯಲ್ಲಿ ಮತ್ತೆ ಬರಲಿಲ್ಲ. ಅಡಿಗೆ ಮನೆಯಲ್ಲಿ ಒಬ್ಬಳೇ ಇರುವಾಗಲೂ ಅವಳು ಅದನ್ನು ಮತ್ತೆ ಜಾರಲು ಬಿಡಲಿಲ್ಲ.