ಮುಳ್ಳು ದಾಟದ ಬೆಲ್ಲದ ನೀರು

ಯುದ್ಧ ನಡೆಯುತ್ತಿದ್ದ ಆ ವರ್ಷಗಳಲ್ಲಿ ನಮ್ಮ ಕಡೆ ಸಕ್ಕರೆ ಕಂಡವರೇ ಕಡಿಮೆ. ರೇಷನ್ನಿನಲ್ಲಿ ಬಂದ ಹಿಡಿ ಸಕ್ಕರೆಯನ್ನು ಅವ್ವ ನೆಂಟರ ಕಾಫಿಗೆಂದು ಅಡಗಿಸಿಡುತ್ತಿದ್ದಳು. ನಮಗೆಲ್ಲ ಬೆಲ್ಲವೇ. ನನ್ನ ಓರಗೆಯವರಿಗೆ ಆ ಬೆಲ್ಲದ ವಾಸನೆ ನೆನಪಿದ್ದೀತು. ನನಗೆ ಮಾತ್ರ ಅದು ಮೂಗಿಗೆ ಬಡಿದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಯಾಕೆಂದು ಹೇಳುತ್ತೇನೆ.

ನಮ್ಮೂರು ತೂಬಗೆರೆಯ ಹತ್ತಿರದ್ದು. ಮಿಡ್ಲ್ ಸ್ಕೂಲಿನ ಕೊನೆಯ ತರಗತಿಯಲ್ಲಿ ಹುಡುಗಿಯೆಂದರೆ ನಾನೊಬ್ಬಳೇ. ಒಂದು ದಿನ ಮೇಷ್ಟ್ರು ಎರಡು ಉರುಳಗಡ್ಡೆ ತಂದರು; ಆಲೂಗಡ್ಡೆಗೆ ನಾವು ಹಾಗನ್ನುತ್ತಿದ್ದುದು. ಒಂದು ಹಸಿ, ಇನ್ನೊಂದು ಬೇಯಿಸಿದ್ದು. ಎರಡರ ಬುಡದ ಸಿಪ್ಪೆ ಹೆರೆದು, ನೆತ್ತಿಯಲ್ಲಿ ಕುಳಿ ತೋಡಿ, ಕುಳಿಯ ಅರ್ಧಕ್ಕೆ ಮಂದವಾದ ಬೆಲ್ಲದ ನೀರು ಹೊಯ್ದು, ನೀರಿದ್ದ ತಟ್ಟೆಗಳಲ್ಲಿ ಕೂರಿಸಿದರು. ಬೆಲ್ಲದ ನೀರಿನ ಮಟ್ಟಕ್ಕೆ ಒಂದೊಂದು ಜಾಲಿ ಮುಳ್ಳು ಚುಚ್ಚಿದರು. ನಾವು ಕುಂಟೆಬಿಲ್ಲೆ ಆಡಿ ಬರುವಷ್ಟರಲ್ಲಿ ಹಸಿ ಗಡ್ಡೆಯೊಳಗಿನ ನೀರು ಮುಳ್ಳನ್ನು ಮುಳುಗಿಸಿ ಮೇಲೇರಿತ್ತು. ಬೆಂದ ಗಡ್ಡೆಯಲ್ಲಿ ಒಂದಿಷ್ಟೂ ಏರಿರಲಿಲ್ಲ. ಬೆಲ್ಲವೇ ಸೋರಿ ತಟ್ಟೆಯ ನೀರು ಕೆಂಪಗಾಗಿತ್ತು.

"ಗಡ್ಡೆ ಒಳಗೆ ಕಣ್ಣಿಗೆ ಕಾಣದಂಥ ತೆಳು ಪೊರೆಗಳಿವೆ," ಎಂದರು ಮೇಷ್ಟ್ರು. "ಅವು ನೀರನ್ನ ಬಿಡ್ತವೆ, ಬೆಲ್ಲವನ್ನ ತಡೀತವೆ. ಅದಕ್ಕೇ ಬರೀ ನೀರು ಮಂದ ಇರೋ ಕಡೆಗೆ ಹೋಗಿ ಸೇರುತ್ತೆ. ಬೇಯಿಸಿಬಿಟ್ರೆ ಪೊರೆ ಸತ್ತೋಗುತ್ತೆ. ಆಮೇಲೆ ಅದು ಏನನ್ನೂ ತಡಿಯೋಕಾಗಲ್ಲ."

ಕಲಿತದ್ದನ್ನೆಲ್ಲ ಸಂಜೆ ಒಲೆಯ ಮುಂದೆ ಕೂತು ಅವ್ವನಿಗೆ ಒಪ್ಪಿಸುವುದು ನನ್ನ ಅಭ್ಯಾಸ. ಅವಳಿಗೆ ಅಕ್ಷರ ಬಾರದು, ತಲೆ ಮಾತ್ರ ನಮ್ಮ ತರಗತಿಯ ಎಲ್ಲ ಹುಡುಗರಿಗಿಂತ ಚುರುಕು.

"ಉಪ್ಪು ಹಾಕಿದ್ರೆ ಮಾವಿನಕಾಯಿ ನೀರು ಬಿಡಲ್ವೇನೇ ಜಾಡೀಲಿ? ಅದೇ ಕಣೇ ಇದು," ಎಂದಳು.

ನನಗೆ ಹಿಗ್ಗೋ ಹಿಗ್ಗು. ಮೇಷ್ಟ್ರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

"ಎಷ್ಟು ಬೇಯಿಸಿದ್ರೆ ಕೆಡುತ್ತೆ?" ಎಂದು ಕೇಳಿದಳು.

"ಕುಳಿ ತೋಡಿದ್ದಾದ್ರೆ ನಾಕು ಕುದಿ ಸಾಕು ಅವ್ವಾ!" ಎಂದು ಜಂಬದಿಂದ ಹೇಳಿದೆ. ಹೇಳಿದವಳು ನಾನೇ.

ಆ ತಿಂಗಳು ಸ್ಕೂಲು ನೋಡಲು ಇನ್ಸ್‌ಪೆಕ್ಟರ್ ಬರುವುದಿತ್ತು. ಮೇಷ್ಟ್ರು ಪ್ರಯೋಗ ತೋರಿಸಲು ನನ್ನನ್ನೇ ಆರಿಸಿದರು. ಆಮೇಲೆ ನಮ್ಮ ಮನೆಗೆ ಬಂದು, ಹುಡುಗಿಯನ್ನು ದೊಡ್ಡಬಳ್ಳಾಪುರದ ಹೈಸ್ಕೂಲಿಗೆ ಕಳಿಸಿ ಎಂದು ಅಪ್ಪನಿಗೆ ಹೇಳಿದರು. ಅಲ್ಲಿ ಸೋದರತ್ತೆಯ ಮನೆಯಿತ್ತು. ಅಪ್ಪ ಮೀಸೆ ತಿರುವಿ ಯೋಚಿಸಿದ.

"ಇನ್ಸ್‌ಪೆಕ್ಟ್ರು ಭೇಷ್ ಅಂದ್ರೆ ಕಳಿಸ್ತೀನಿ. ಇಲ್ದಿದ್ರೆ ಇವಳವ್ವ ಹೇಳ್ದಂಗೆ."

ಅವ್ವ ಹೇಳುತ್ತಿದ್ದುದು ಒಂದೇ. ನಾನು ಹುಟ್ಟಿದ ದಿನವೇ ನನ್ನನ್ನು ತನ್ನ ತಮ್ಮನಿಗೆ ಕೊಡುವೆನೆಂದು ಮಾತು ಕೊಟ್ಟಿದ್ದಳು. ಆದರೆ ಆ ದಿನ ಅವಳು ಮೇಷ್ಟ್ರಿಗೆ ಮಜ್ಜಿಗೆ ಕೊಟ್ಟು ಒಳಗೆ ಹೋದಳು.

ಇನ್ಸ್‌ಪೆಕ್ಟರ್ ಬರುವ ಹಿಂದಿನ ಸಂಜೆಯೇ ಹಸಿ ಗಡ್ಡೆಗೆ ಕುಳಿ ತೋಡಿ ಚೊಂಬಿನ ನೀರಿನಲ್ಲಿ ಮುಳುಗಿಸಿಟ್ಟಿದ್ದೆ. ಬೆಳಿಗ್ಗೆ ನಾನು ಬಾವಿಗೆ ಹೋಗಿ ಬಂದಾಗ ಅವ್ವ ಮುದ್ದೆಗೆ ಎಸರಿಟ್ಟಿದ್ದಳು. ಉಂಡು, ಚೊಂಬನ್ನು ಎದೆಗವಚಿಕೊಂಡು ಸ್ಕೂಲಿಗೆ ಓಡಿದೆ. ಹೊರತೆಗೆದಾಗ ಗಡ್ಡೆ ಕೊಂಚ ಮೆತ್ತಗಿತ್ತು. ನೀರಿನಲ್ಲಿ ನೆನೆದದ್ದಕ್ಕಿರಬೇಕು ಎಂದುಕೊಂಡು, ಬೆಲ್ಲದ ನೀರು ಹೊಯ್ದು ಮುಳ್ಳು ಚುಚ್ಚಿ ತಟ್ಟೆಯಲ್ಲಿ ಕೂರಿಸಿದೆ. ಹಸಿ ಗಡ್ಡೆ ನೀರು ಕುಡಿದರೆ ಇನ್ನೂ ಬಿರುಸಾಗಬೇಕು ಎಂಬುದು ಆ ಗಡಿಬಿಡಿಯಲ್ಲಿ ಹೊಳೆಯಲೇ ಇಲ್ಲ, ದಡ್ಡಿ.

ಮಧ್ಯಾಹ್ನ ಇನ್ಸ್‌ಪೆಕ್ಟರ್ ಬಂದರು. ಅಪ್ಪ ರುಮಾಲು ಸುತ್ತಿಕೊಂಡು ಬಾಗಿಲ ಬಳಿ ನಿಂತಿದ್ದ. ನಾನು ಪೊರೆಯ ವಿಷಯವನ್ನು ಒಂದು ತಪ್ಪೂ ಇಲ್ಲದೆ ಹೇಳಿ ತಟ್ಟೆ ಮುಂದಿಟ್ಟೆ. ಮುಳ್ಳು ಒಣಗಿಯೇ ಇತ್ತು. ತಟ್ಟೆಯ ನೀರು ಕೆಂಪಗಾಗಿತ್ತು.

"ಬಾಯಿಪಾಠ ಚೆನ್ನಾಗಿದೆ," ಎಂದು ಇನ್ಸ್‌ಪೆಕ್ಟರ್ ನಕ್ಕರು. "ಹೆಣ್ಣುಮಕ್ಕಳಿಗೆ ಅಡಿಗೆ ಕಲಿಸಿ ಮೇಷ್ಟ್ರೇ, ಗಡ್ಡೆ ಅಲ್ಲಾದ್ರೂ ಉಪಯೋಗಕ್ಕೆ ಬರುತ್ತೆ."

ಹುಡುಗರೆಲ್ಲ ನಕ್ಕರು. ಮೇಷ್ಟ್ರು ತಲೆ ಎತ್ತಲಿಲ್ಲ. ಬಾಗಿಲ ಕಡೆ ನೋಡಿದೆ, ಅಪ್ಪ ಆಗಲೇ ಹೊರಟುಹೋಗಿದ್ದ.

ಎಲ್ಲರೂ ಹೋದ ಮೇಲೆ ಗಡ್ಡೆಯನ್ನು ಕೈಗೆತ್ತಿಕೊಂಡೆ. ಸಿಪ್ಪೆಯ ಮೇಲಿನ ಕಣ್ಣೊಂದರಲ್ಲಿ ಕಂದು ಬಣ್ಣದ್ದೇನೋ ಅಂಟಿತ್ತು. ಮಣ್ಣೆಂದು ಉಗುರಿನಿಂದ ಕೆರೆದೆ. ಮಣ್ಣಲ್ಲ, ಬೆಂದ ರಾಗಿಹಿಟ್ಟು. ಮುದ್ದೆಯ ಎಸರು ಕುದಿಯುವಾಗ ಮೊದಲು ಒಂದು ಹಿಡಿ ಹಿಟ್ಟು ಉದುರಿಸುತ್ತಾರಲ್ಲ, ಅದು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಮನೆಗೆ ಬಂದಾಗ ಅವ್ವ ಒಲೆಯ ಮುಂದಿದ್ದಳು. ಗಡ್ಡೆಯನ್ನು ಅವಳ ಮುಂದಿಟ್ಟೆ.

"ಎಸರಿಗೆ ಹಾಕಿದ್ಯಾ ಅವ್ವಾ?"

ಅವಳು ಸೌದೆ ಸರಿಪಡಿಸಿದಳು. "ಮಣ್ಣಿತ್ತು, ತೊಳೆದೆ."

"ಕುದಿಯೋ ನೀರಲ್ಲಿ ತೊಳೆದ್ಯಾ?"

ತಟ್ಟೆಗೆ ಮುದ್ದೆ ಹಾಕಿದಳು. ಆಮೇಲೆ, "ನನ್ನ ತಮ್ಮನಿಗೆ ಏನಂತ ಮುಖ ತೋರಿಸ್ಲಿ ಮಗಾ? ಉಣ್ಣು ಬಾ," ಎಂದಳು.

ನಾನು ಅಪ್ಪನಿಗೆ ಹೇಳಲಿಲ್ಲ. ಹೇಳಿದ್ದರೆ ಅವಳಿಗೆ ಹೊಡೆಯುತ್ತಿದ್ದ. ಮೇಷ್ಟ್ರಿಗೂ ಹೇಳಲಿಲ್ಲ, ನಮ್ಮ ಹುಡುಗಿಯ ಕೈ ತಪ್ಪಿತೆಂದೇ ಅವರು ಕೊನೆತನಕ ನಂಬಿದ್ದರು.

ಮುಂದಿನ ವೈಶಾಖದಲ್ಲಿ ಮದುವೆಯಾಯಿತು. ಮಾವ ಒಳ್ಳೆಯವನೇ, ಅವನ ಮೇಲೆ ದೂರಿಲ್ಲ. ನನ್ನ ಮಕ್ಕಳ ಪುಸ್ತಕಗಳನ್ನು ಓದಿ ಓದಿ ಹೈಸ್ಕೂಲಿನ ಪಾಠವನ್ನೂ ಅಷ್ಟಿಷ್ಟು ಕಲಿತೆ. ಹೈಸ್ಕೂಲು ತಪ್ಪಿದ ಸಂಕಟ ಹಾಗೆ ಸವೆಯಿತು. ಅವ್ವನ ಮೇಲಿನ ಸಿಟ್ಟು ಸವೆಯಲಿಲ್ಲ, ಅವಳು ಸತ್ತ ಮೇಲೂ.

ತವರಿಗೆ ಹೋದಾಗಲೆಲ್ಲ ಅವಳು ಒಲೆಯ ಮುಂದೆ ಮಣೆ ಹಾಕುತ್ತಿದ್ದಳು. ಕಣ್ಣು ಮಂಜಾದ ಮೇಲೂ ಕೈಯಿಂದ ತಡವಿ ತಡವಿ ಹಾಕುತ್ತಿದ್ದಳು. ಪಕ್ಕದಲ್ಲಿ ಒಂದು ಚೂರು ಬೆಲ್ಲ ಇಡುತ್ತಿದ್ದಳು.

"ಏನ್ ಓದ್ದೇ ಈಚೆಗೆ? ಹೇಳೇ, ಕೇಳ್ತೀನಿ," ಎನ್ನುತ್ತಿದ್ದಳು.

"ಏನೂ ಇಲ್ಲ ಅವ್ವಾ," ಎನ್ನುತ್ತಿದ್ದೆ.